ಕಡ್ಡಿಯ ದಪ್ಪ

ಸಂಘದ ಕಚೇರಿಯಲ್ಲಿ ನನ್ನ ಮೇಜು
ಸಯ್ಯಾಜಿರಾವ್ ರಸ್ತೆಗೆ ತೆರೆಯುವ ಕಿಟಕಿಯ ಪಕ್ಕ.
ಹದಿನೇಳು ವರ್ಷದಿಂದ ಮನವಿಗಳನ್ನು ನಾನೇ ಟೈಪಿಸುವುದು:
ಚರಂಡಿ ಕಟ್ಟಿದರೆ ಪಾಲಿಕೆಗೆ,
ಕರೆಂಟು ಹೋದರೆ ಚೆಸ್ಕಾಂಗೆ,
ಈಚೀಚೆಗೆ, ಹಡಗು ನಿಂತರೆ ದೆಹಲಿಗೆ.

ಆ ವರ್ಷ ಹಡಗುಗಳು ಸುತ್ತುದಾರಿ ಹಿಡಿದಿದ್ದವು.
ಎಲ್ಲೋ ಯುದ್ಧ, ಇನ್ನೆಲ್ಲೋ ಚುನಾವಣೆ,
ಬೆಳಗಿನ ಸುಂಕ ಸಂಜೆಗೆ ಇರುತ್ತಿರಲಿಲ್ಲ.
ನಮ್ಮ ಊದುಬತ್ತಿಯ ಒಂದಿಡೀ ಕಂಟೇನರು
ಹೆಸರು ಹೇಳಲು ಬಾರದ ಬಂದರಿನಲ್ಲಿ
ಇಪ್ಪತ್ತಾರು ದಿನ ಬಿಸಿಲು ಕಾಯಿತು.
ಅಲ್ಲಿನ ಕಾವಲುಗಾರನಿಗೆ ಎಷ್ಟು ಘಮ್ಮೆಂದಿತೋ ಪಾಪ,
ಯಾವ ದೇವರೆಂದು ತಿಳಿಯದೆ.

ಆಗಲೇ ಬಂದದ್ದು ಏಳು ದೇಶಗಳ ಒಪ್ಪಂದದ ಕರಡು.
ಬಿದಿರು ಕಡ್ಡಿ: ಒಂದೂವರೆ ಮಿಲಿಮೀಟರಿಗಿಂತ ದಪ್ಪವಿದ್ದರೆ ಸುಂಕವಿಲ್ಲ,
ತೆಳುವಾದರೆ ನೂರಕ್ಕೆ ಇಪ್ಪತ್ತೈದು.
ಅಧ್ಯಕ್ಷ ಶ್ರೀಕಂಠ ಶೆಟ್ಟರು ಕನ್ನಡಕ ತೆಗೆದರು.
"ನಮ್ಮದು ಎಷ್ಟು ದಪ್ಪ?"
ಮೂರು ತಲೆಮಾರಿನ ವ್ಯಾಪಾರ, ಹನ್ನೊಂದು ಜನ ನಿರ್ದೇಶಕರು.
ಒಬ್ಬರು ಕೆಮ್ಮಿದರು. ಒಬ್ಬರೆಂದರು,
"ಕಡ್ಡಿ ಅಂದ್ರೆ ಕಡ್ಡಿ, ಸ್ವಾಮಿ."

ಆಟೋ ಹಿಡಿದು ಕೆಸರೆಗೆ ಹೋದೆ.
ಖುರ್ಷಿದಾಬಿ ಹಲಗೆಯ ಮುಂದೆ ಕೂತಿದ್ದಳು,
ಮೊಣಕೈವರೆಗೆ ಕಪ್ಪು ಹಿಟ್ಟು.
ತಲೆ ಎತ್ತದೆಯೇ ಕಟ್ಟಿನಿಂದ ಎರಡು ಎಳೆದಳು,
"ಇದು ಕೈದು, ಇದು ಮಿಶನ್ದು. ಕೈದು ಮಾತು ಕೇಳ್ತದೆ."
ಪಾಲಿಟೆಕ್ನಿಕ್ ಹುಡುಗನಿಂದ ಕಡ ತಂದ ಕ್ಯಾಲಿಪರಿನಲ್ಲಿ
ಅವಳ ಬೆರಳ ನಡುವಿನದನ್ನು ಅಳೆದೆ:
ಒಂದು ಪಾಯಿಂಟ್ ಮೂರು.
ಇನ್ನೊಂದು. ಅದೂ ಒಂದು ಪಾಯಿಂಟ್ ಮೂರು.
"ನಂಬರು ಬಂತಾ?" ಎಂದು ನಕ್ಕಳು,
"ಅದಕ್ಕೆಷ್ಟು ಕೊಡ್ತಾರೆ?"

ಶೆಟ್ಟರು ವಿಮಾನ ಹತ್ತಿದರು,
ಚೀಲದಲ್ಲಿ ನಾನು ಟೈಪಿಸಿದ ನಾಲ್ಕು ಹಾಳೆ,
ತುಪ್ಪ ಜಿನುಗುವ ಮೈಸೂರ್‌ಪಾಕಿನ ಎರಡು ಡಬ್ಬ.

ಆಮೇಲೆ ಅವರೇ ಹೇಳಿದ್ದು:
ಉದ್ದನೆಯ ಮೇಜಂತೆ, ತಣ್ಣನೆಯ ಕೋಣೆಯಂತೆ.
ಉಕ್ಕಿನವರು ನಲವತ್ತು ನಿಮಿಷ ಮಾತಾಡಿದರಂತೆ ಲೋಕದ ಪರವಾಗಿ,
ಹಡಗಿನವರು ಮೂವತ್ತು.
ಊದುಬತ್ತಿಗೆ ನಾಲ್ಕು.
ಹಚ್ಚಿ ತೋರಿಸೋಣವೆಂದರೆ ಹೊಗೆಯ ಗಂಟೆ ಹೊಡೆದುಕೊಳ್ಳುತ್ತದೆ.
ಎದ್ದು ನಿಂತು ಎರಡೇ ಮಾತು ಅಂದರಂತೆ,
"ನನ್ನ ಕಡ್ಡಿ ಒಂದು ಪಾಯಿಂಟ್ ಮೂರು.
ಅನಿಶ್ಚಿತ ಕಾಲ; ವ್ಯಾಪಾರಿಗೆ ಬೇಕಾದ್ದು ನಾಳೆಯೂ ಇರುವ ಒಂದು ಸಂಖ್ಯೆ."
ಬಿದಿರು ಬೆಳೆವ ದೇಶದ ಹೆಂಗಸೊಬ್ಬಳು
ಹಚ್ಚದ ಬತ್ತಿಯನ್ನೇ ಮೂಸಿ
ಪುಸ್ತಕದ ನಡುವೆ ಇಟ್ಟುಕೊಂಡಳಂತೆ.

ಇನ್ನೂರ ಹದಿನಾಲ್ಕನೆಯ ಪುಟ, ಕೋಷ್ಟಕದ ಕೆಳಗೆ,
ಇರುವೆಯಷ್ಟು ಅಕ್ಷರದಲ್ಲಿ: 1.3.
ನಾದಿನಿಗೆ ತೋರಿಸಿದೆ. ಅವಳಿಗೆ ಕಾಣಲಿಲ್ಲ.
ರಾತ್ರಿ ನಿದ್ದೆ ಬರಲಿಲ್ಲ ನನಗೆ,
ಏಳು ದೇಶಗಳ ರುಜುವಿನ ಕೆಳಗೆ
ಒಂದು ಹಿಟ್ಟಿನ ಬೆರಳ ಗುರುತು.

ಪುರಭವನದಲ್ಲಿ ಶೆಟ್ಟರಿಗೆ ಪೇಟ, ಶಾಲು, ಫಲತಾಂಬೂಲ.
ಹೊಗಳಿಕೆಯ ಹಾಳೆಯನ್ನೂ ನಾನೇ ಬರೆದಿದ್ದೆ.
ಸುಳ್ಳೇನೂ ಇರಲಿಲ್ಲ ಅದರಲ್ಲಿ. ಒಳ್ಳೆಯ ಮನುಷ್ಯ.

ಮರುವಾರ ಚಹಾದ ಹೊತ್ತಿಗೆ ಕೇಳಿದೆ,
ಸಾವಿರ ಕಡ್ಡಿಗೆ ಕೂಲಿ ಏನಾದರೂ...
ಸಾಸರಿಗೆ ಬಗ್ಗಿಸಿಕೊಂಡ ಚಹಾ ಊದುತ್ತ
"ನೋಡೋಣ ಸರ್ವಮಂಗಳಾ," ಎಂದರು,
"ಅನಿಶ್ಚಿತ ಕಾಲ."

ಅದೇ ಮಾತು. ಅಲ್ಲಿ ಕೇಳಲಿಕ್ಕೆ ಬಂದದ್ದು
ಇಲ್ಲಿ ಕೊಡದಿರಲಿಕ್ಕೂ ಬಂತು.

ಸಂಜೆ ಎಲ್ಲರೂ ಹೋದ ಮೇಲೆ ಹೊಸ ಹಾಳೆ ತೆರೆದೆ.
"ಇವರಿಗೆ: ಮಾನ್ಯ ಅಧ್ಯಕ್ಷರು, ನಮ್ಮದೇ ಸಂಘ."
ವಿಷಯ, ಉಲ್ಲೇಖ, ದಿನಾಂಕ.
ಮೊತ್ತದ ಜಾಗ ಖಾಲಿ ಬಿಟ್ಟಿದ್ದೇನೆ.
ನಾಳೆ ಕೆಸರೆಗೆ ಹೋಗಿ
ಅಳೆದುಕೊಂಡು ಬರಬೇಕು.